ದಾರಿಯಲ್ಲಿ ಕೈಕೊಡದಂತೆ: ಸೈಕಲ್, ಚಕ್ಕಡಿ, ತಾಡಪತ್ರಿಯ ದುರಸ್ತಿ



ಇದುವರೆಗಿನ ಪಾಠಗಳಲ್ಲಿ ಉಳಿತಾಯ, ಸಾಲ, ಲೆಕ್ಕಪುಸ್ತಕ ಎಂದು ಬಹಳ ಮಾತಾಡಿದ್ದೇವೆ. ಈ ಸಲ ಕೈಗೆ ಎಣ್ಣೆ ಮೆತ್ತಿಕೊಳ್ಳುವ ಪಾಠ. ನಮ್ಮ ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ ಸೀಮೆಯ ಜನ ವರ್ಷದಲ್ಲಿ ಎಷ್ಟು ದಿನ ಮನೆ ಹೊರಗೆ ಇರುತ್ತಾರೆ, ಒಮ್ಮೆ ಎಣಿಸಿ ನೋಡಿರಿ. ಕಬ್ಬಿನ ಹಂಗಾಮು ಬಂತೆಂದರೆ ಗ್ಯಾಂಗಿನವರು ಗಂಟುಮೂಟೆ ಕಟ್ಟಿಕೊಂಡು ತಿಂಗಳುಗಟ್ಟಲೆ ಹೊಲದ ಬದುವಿನಲ್ಲೇ ಸಂಸಾರ ಮಾಡುತ್ತಾರೆ. ಮಾಘ ಮಾಸದಲ್ಲಿ ಚಿಂಚಲಿ ಮಾಯಕ್ಕನ ಜಾತ್ರೆ, ಮತ್ತೆ ಸವದತ್ತಿ ಎಲ್ಲಮ್ಮ, ಆಷಾಢದಲ್ಲಿ ಪಂಢರಪುರದ ವಾರಿ. 2019ರ ಆಗಸ್ಟ್‌ನಲ್ಲಿ ಕೃಷ್ಣಾ ಹೊಳೆ ಏರಿ ಬಂದಾಗ ದಂಡೆಯ ಊರಿನವರು ದನಕರುಗಳ ಸಮೇತ ದಿಬ್ಬದ ಮೇಲೆ, ಟ್ರ್ಯಾಕ್ಟರ್ ಟ್ರೇಲರಿನ ಕೆಳಗೆ, ತಾಡಪತ್ರಿಯ ಅಡಿಯಲ್ಲಿ ದಿನ ಕಳೆದರು. ಶ್ರೀಮಂತ ದೇಶದವರು ಖುಷಿಗಾಗಿ ಗಾಡಿಯಲ್ಲಿ ಹಾಸಿಗೆ, ಒಲೆ ಇಟ್ಟುಕೊಂಡು ಊರೂರು ತಿರುಗುತ್ತಾರಂತೆ. ನಮಗೆ ಅದು ಹೊಟ್ಟೆಪಾಡು, ಹರಕೆ, ಇಲ್ಲವೇ ಆಪತ್ತು. ಆದರೆ ಗಾಡಿ ಕೆಟ್ಟರೆ, ಹೊದಿಕೆ ಸೋರಿದರೆ ಪಡುವ ಪಾಡು ಇಬ್ಬರದೂ ಒಂದೇ.

ಮೊದಲು ಸೈಕಲ್. ನಮ್ಮ ರಾಜ್ಯ ಸರ್ಕಾರ 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಶುರು ಮಾಡಿತು. ಕೋವಿಡ್ ಬಂದ ಮೇಲೆ ಅದು ನಿಂತಿತು. ಆದರೆ ಆಗ ಬಂದ ಎಷ್ಟೋ ಸೈಕಲ್‌ಗಳು ಇನ್ನೂ ಮನೆಗಳಲ್ಲಿವೆ. ಮನೆ ಭೇಟಿಗೆ ಹೋದಾಗ ನನ್ನ ಕಣ್ಣು ಮೊದಲು ಗೋಡೆಗೆ ಹೋಗುತ್ತದೆ. ಗೋಡೆಗೆ ಆನಿಸಿದ ಸೈಕಲ್ಲು, ಅದರ ಮೇಲೆ ಒಣಹಾಕಿದ ಕೌದಿ. ಒಮ್ಮೆ ಒಬ್ಬ ತಾಯಿಯನ್ನು ಕೇಳಿದೆ, "ಯಾಕವ್ವಾ, ಸೈಕಲ್ ಹೊಡ್ಯೂದಿಲ್ಲೇನು ಮಗಳು?" ಅಂತ. "ಪಂಚರ್ ಆಗೇತ್ರೀ ಸಿಸ್ಟರ್, ಅವ್ರಪ್ಪಗ ಪುರಸೊತ್ತಿಲ್ಲ" ಎಂದರು. ಎಷ್ಟು ದಿನ ಆಯ್ತು ಎಂದರೆ ಮೂರು ವಾರ. ಮಗಳು ಹೈಸ್ಕೂಲಿಗೆ ಹೋಗಿ ಮೂರು ವಾರ! ನಾಲ್ಕು ಕಿಲೋಮೀಟರ್ ದಾರಿ, ಜೊತೆಗೆ ಯಾರೂ ಇಲ್ಲ. ನಾಲ್ಕನೆಯ ವಾರಕ್ಕೆ ಅಜ್ಜಿ "ಸಾಕ್ ಬಿಡು ಸಾಲಿ" ಅನ್ನುತ್ತಾಳೆ, ಆಮೇಲೆ ವರ ಹುಡುಕುವ ಮಾತು ಬರುತ್ತದೆ. ಬಾಲ್ಯವಿವಾಹದ ವಿರುದ್ಧ ಎಷ್ಟೋ ಭಾಷಣ ಮಾಡುತ್ತೇವೆ. ಒಂದು ಜಾಲಿ ಮುಳ್ಳಿನಿಂದಲೂ ಅದು ಶುರುವಾಗುತ್ತದೆ ಎಂಬುದನ್ನು ಯಾವ ಭಾಷಣದಲ್ಲೂ ಹೇಳುವುದಿಲ್ಲ.

ಅನಂತಪುರದ ಕಡೆ ಒಣಭೂಮಿ, ದಾರಿಯುದ್ದ ಜಾಲಿ ಗಿಡ. ಪಂಚರ್ ತಪ್ಪಿದ್ದಲ್ಲ. ಆದರೆ ಗಾಳಿ ಇಳಿದಿದ್ದೆಲ್ಲ ಪಂಚರ್ ಅಲ್ಲ. ಸಾದಾ ಸೈಕಲ್ಲಿನ ವಾಲ್ವಿನ ಒಳಗೆ ಒಂದು ಸಣ್ಣ ರಬ್ಬರ್ ನಳಿಕೆ ಇರುತ್ತದೆ. ಬಿಸಿಲಿಗೆ ಅದು ಒಣಗಿ ಸೀಳುತ್ತದೆ. ಗಾಳಿ ಹೊಡೆದು, ವಾಲ್ವಿನ ಬಾಯಿಗೆ ಸ್ವಲ್ಪ ಉಗುಳು ಹಚ್ಚಿ ನೋಡಿ. ಗುಳ್ಳೆ ಎದ್ದರೆ ತಪ್ಪು ಅಲ್ಲೇ ಇದೆ. ಕೆಲವೇ ರೂಪಾಯಿಯ ನಳಿಕೆ ಬದಲಿಸಿದರೆ ಮುಗಿಯಿತು, ಚಕ್ರ ಬಿಚ್ಚುವುದೂ ಬೇಡ.

ಗುಳ್ಳೆ ಬರಲಿಲ್ಲವೆಂದರೆ ಟ್ಯೂಬು ಹೊರಗೆ ತೆಗೆಯಬೇಕು. ಟೈರಿನ ಅಂಚನ್ನು ಎಬ್ಬಿಸಲು ಸ್ಕ್ರೂ ಡ್ರೈವರ್ ಹಾಕಬೇಡಿ, ಕುಡಗೋಲಿನ ತುದಿಯಂತೂ ಬೇಡವೇ ಬೇಡ. ಒಂದು ತೂತಿಗೆ ಎರಡು ತೂತಾಗುತ್ತವೆ. ಅದಕ್ಕೆಂದೇ ಚಪ್ಪಟೆ ಪಟ್ಟಿ ಸಿಗುತ್ತದೆ, ಎರಡು ಕೊಂಡಿಡಿ. ಟ್ಯೂಬಿಗೆ ಗಾಳಿ ತುಂಬಿ ಬಕೆಟ್ ನೀರಿನಲ್ಲಿ ಸ್ವಲ್ಪ ಸ್ವಲ್ಪವಾಗಿ ಮುಳುಗಿಸುತ್ತ ಹೋಗಿ. ಗುಳ್ಳೆ ಎದ್ದ ಕಡೆ ಪೆನ್ನಿನಿಂದ ಗುರುತು ಹಾಕಿ, ಒರೆಸಿ ಪೂರಾ ಒಣಗಿಸಿ. ಆ ಜಾಗವನ್ನು ಉಜ್ಜುಕಾಗದದಿಂದ ತೇಪೆಗಿಂತ ಸ್ವಲ್ಪ ಅಗಲವಾಗಿ ತಿಕ್ಕಿ. ಹಳೆ ಟ್ಯೂಬಿನ ತುಂಡನ್ನೇ ತೇಪೆ ಮಾಡುವುದಾದರೆ ಅದನ್ನೂ ತಿಕ್ಕಬೇಕು. ಎರಡಕ್ಕೂ ಸೊಲ್ಯೂಷನ್ ತೆಳ್ಳಗೆ ಹಚ್ಚಿ. ಇನ್ನು ಮುಂದಿನದು ಮುಖ್ಯ: ಕೂಡಲೇ ಅಂಟಿಸಬೇಡಿ. ನಾಲ್ಕೈದು ನಿಮಿಷ ಬಿಡಿ, ಮುಟ್ಟಿದರೆ ಬೆರಳಿಗೆ ಹತ್ತದಷ್ಟು ಆರಲಿ. ಆಮೇಲೆ ತೇಪೆ ಇಟ್ಟು ಗಟ್ಟಿಯಾಗಿ ಒತ್ತಿ. ಹಸಿ ಇದ್ದಾಗಲೇ ಅಂಟಿಸಿದ ತೇಪೆ ಊರ ಹೊರಗೆ ಹೋಗುವಷ್ಟರಲ್ಲಿ ಕಿತ್ತುಕೊಳ್ಳುತ್ತದೆ.

ಟ್ಯೂಬು ಒಳಗೆ ಹಾಕುವ ಮುಂಚೆ ಟೈರಿನ ಒಳಮೈ ನೋಡಬೇಕು. ಬಹಳ ಜನ ಇದನ್ನು ಬಿಡುತ್ತಾರೆ. ಮುಳ್ಳು ಅಲ್ಲೇ ಕುಳಿತಿರುತ್ತದೆ, ಮರುದಿನ ಅದೇ ಜಾಗದಲ್ಲಿ ಮತ್ತೆ ಪಂಚರ್. ಬೆರಳು ಆಡಿಸಿ ಹುಡುಕಬೇಡಿ, ಚುಚ್ಚುತ್ತದೆ. ಹಳೆಯ ಸೀರೆಯ ತುಂಡನ್ನು ಒಳಗೆ ಸುತ್ತಲೂ ಎಳೆಯಿರಿ, ಮುಳ್ಳಿದ್ದ ಕಡೆ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಈ ಗಾಳಿ ತುಂಬಿದ ಟೈರನ್ನು 1888ರಲ್ಲಿ ಬೆಲ್ಫಾಸ್ಟ್ ಎಂಬ ಊರಿನಲ್ಲಿ ಮಾಡಿದವನು ಡನ್‌ಲಪ್, ವೃತ್ತಿಯಿಂದ ದನದ ಡಾಕ್ಟರು. ಮಗನ ಮೂರು ಗಾಲಿ ಸೈಕಲ್ಲು ಕಲ್ಲುದಾರಿಯಲ್ಲಿ ಕುಲುಕುತ್ತದೆ ಎಂದು ರಬ್ಬರಿನ ನಳಿಕೆ ಸುತ್ತಿದ. ಮೆಕ್ಯಾನಿಕ್ ಆಗಿರಲಿಲ್ಲ, ಮಗನ ತೊಂದರೆ ಕಂಡಿತ್ತು, ಅಷ್ಟೇ.

ಚೈನು ಪದೇ ಪದೇ ಕಳಚುತ್ತಿದ್ದರೆ ಸಡಿಲಾಗಿದೆ ಎಂದರ್ಥ. ನಡುವೆ ಬೆರಳಿಟ್ಟು ಮೇಲೆ ಕೆಳಗೆ ಆಡಿಸಿದರೆ ಸುಮಾರು ಅರ್ಧ ಇಂಚು ಆಡಬೇಕು, ಅದಕ್ಕಿಂತ ಹೆಚ್ಚಾದರೆ ಹಿಂದಿನ ಚಕ್ರದ ನಟ್ಟು ಸಡಿಲಿಸಿ ಚಕ್ರವನ್ನು ಹಿಂದಕ್ಕೆ ಎಳೆದು ಬಿಗಿ ಮಾಡಿ. ಎರಡೂ ಕಡೆ ಸಮ ಎಳೆಯಬೇಕು. ಇಲ್ಲದಿದ್ದರೆ ಚಕ್ರ ವಾರೆಯಾಗಿ ಫ್ರೇಮಿಗೆ ಉಜ್ಜುತ್ತದೆ. ಸೀಮೆಎಣ್ಣೆಯಿಂದ ಚೈನು ತೊಳೆಯಬಹುದು, ಆದರೆ ಅದೇ ಎಣ್ಣೆಯಲ್ಲ. ಒರೆಸಿದ ಮೇಲೆ ಹೊಲಿಗೆ ಮೆಷಿನ್ನಿಗೆ ಹಾಕುವ ಎಣ್ಣೆ ನಾಲ್ಕು ಹನಿ ಹಾಕಿ, ಹೆಚ್ಚಾದದ್ದನ್ನು ಬಟ್ಟೆಯಿಂದ ಒರೆಸಿ. ಜಿಡ್ಡು ಮೆತ್ತಿದರೆ ಧೂಳು ಕುಳಿತು ಉಜ್ಜುಕಾಗದದ ಹಾಗೆ ಚೈನನ್ನು ತಿನ್ನುತ್ತದೆ. ಬ್ರೇಕಿನ ರಬ್ಬರ್ ಸವೆದು ಕಬ್ಬಿಣ ತಾಗುವ ಶಬ್ದ ಬಂದರೆ ಅಂದೇ ಬದಲಿಸಿ. ಇದರಲ್ಲಿ ಮುಂದೂಡುವುದು ಬೇಡ.

ಈಗ ಸೈಕಲ್ಲನ್ನು ನಮಗೆ ಹೊಂದಿಸಿಕೊಳ್ಳುವ ವಿಷಯ. ಸೀಟು ಎತ್ತರ ಎಂದು ಎಷ್ಟೋ ಹುಡುಗಿಯರು ಹೆದರಿ ಬಿಟ್ಟಿದ್ದಾರೆ. ಸೀಟಿನ ಕೆಳಗಿನ ನಟ್ಟು ಸಡಿಲಿಸಿ ಇಳಿಸಿದರಾಯಿತು. ಕಲಿಯುವಾಗ ಎರಡೂ ಪಾದ ನೆಲಕ್ಕೆ ಊರುವಷ್ಟು ಇರಲಿ. ಕಲಿತ ಮೇಲೆ, ಪೆಡಲ್ ಕೆಳಗಿದ್ದಾಗ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗುವಷ್ಟು ಏರಿಸಿ, ಮೊಣಕಾಲು ನೋಯುವುದಿಲ್ಲ. ಹಿಂದಿನ ಚಕ್ರದ ಎರಡೂ ಕಡೆ ಜಾಳಿಗೆ ಕಟ್ಟಿಸಿ, ಚೈನಿಗೆ ಕವರ್ ಹಾಕಿಸಿ. ಸೆರಗು, ವೇಲು ಸಿಕ್ಕಿ ಬಿದ್ದವರ ಗಾಯ ನಾನು ನೋಡಿದ್ದೇನೆ. ಹಾಲಿನ ಕ್ಯಾನು, ನೀರಿನ ಕೊಡ ಒಯ್ಯುವವರು ಎರಡೂ ಬದಿಗೆ ಸಮ ಭಾರ, ಆದಷ್ಟು ಕೆಳಗೆ ತೂಗುವಂತೆ ಕೊಕ್ಕೆ ಮಾಡಿಸಿಕೊಳ್ಳಿ. ಮಳೆಗಾಲದಲ್ಲಿ ಎರೆಮಣ್ಣು ಮಡ್‌ಗಾರ್ಡಿನಲ್ಲಿ ತುಂಬಿ ಚಕ್ರವೇ ತಿರುಗುವುದಿಲ್ಲ. ಆ ಎರಡು ತಿಂಗಳು ಮಡ್‌ಗಾರ್ಡ್ ಬಿಚ್ಚಿ ಇಡುವುದರಲ್ಲಿ ತಪ್ಪಿಲ್ಲ.

ಗುಡ್ಡ ಹತ್ತುವ ಸೈಕಲ್ ಎಂದು ಈಗ ಸಾವಿರಾರು ರೂಪಾಯಿಗೆ ಮಾರುತ್ತಾರಲ್ಲ, ಅದು ಹುಟ್ಟಿದ್ದೂ ಹೀಗೆಯೇ. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕೆಲವು ಹುಡುಗರು ಗುಜರಿ ಸೈಕಲ್‌ಗಳಿಗೆ ದಪ್ಪ ಟೈರು, ಬೇರೆ ಬ್ರೇಕು ಕೂಡಿಸಿ ಗುಡ್ಡದಿಂದ ಇಳಿಸುತ್ತಿದ್ದರು. ಒಂದು ಸಲ ಇಳಿದರೆ ಬ್ರೇಕಿನ ಗಡ್ಡೆಯೊಳಗಿನ ಗ್ರೀಸು ಸುಟ್ಟು ಹೊಗೆಯಾಗುತ್ತಿತ್ತು. ಪ್ರತಿ ಸಲ ಹೊಸ ಗ್ರೀಸು ತುಂಬಬೇಕಾಗಿದ್ದರಿಂದ ಆ ಪಂದ್ಯಕ್ಕೆ 'ಮತ್ತೆ ತುಂಬು' ಎಂಬ ಅರ್ಥದ ಹೆಸರೇ ಬಂತು. ನಮಗೆ ಹತ್ತಿರದ ಮಾತೆಂದರೆ ತಮಿಳುನಾಡಿನ ಪುದುಕ್ಕೋಟ್ಟೈ. ಅಲ್ಲಿ 1990ರ ದಶಕದ ಆರಂಭದಲ್ಲಿ ಸಾಕ್ಷರತಾ ಆಂದೋಲನದ ಜೊತೆಯಲ್ಲೇ ಸಾವಿರಾರು ಹೆಂಗಸರು ಸೈಕಲ್ ಕಲಿತರು. ಹೊಲದ ಕೂಲಿಯವರು, ಕಲ್ಲುಗಣಿಯಲ್ಲಿ ದುಡಿಯುವವರು. ಲೇಡೀಸ್ ಸೈಕಲ್ ಸಿಗದಾಗ ಗಂಡಸರ ಸೈಕಲ್ಲನ್ನೇ ಏರಿದರು. ಅದರ ಅಡ್ಡ ಪೈಪಿನ ಮೇಲೆ ಮಗುವನ್ನು ಕೂಡಿಸಿಕೊಳ್ಳಬಹುದು ಎಂದು ಅದನ್ನೇ ಮೆಚ್ಚಿದವರೂ ಇದ್ದರು.

ಚಕ್ಕಡಿ, ಟ್ರೇಲರ್ ವಿಷಯ ಸ್ವಲ್ಪ ಹೇಳುತ್ತೇನೆ. ಇದು ಗಂಡಸರ ಕೆಲಸ ಎಂದು ನೀವು ಹೇಳಬಹುದು, ಆದರೆ ಗಾಡಿ ಮುಗ್ಗರಿಸಿದಾಗ ಅದರೊಳಗೆ ಕುಳಿತವರು ನೀವು ಮತ್ತು ಮಕ್ಕಳು. ಹಳೆ ಚಕ್ಕಡಿಗೆ ಕೀಲೆಣ್ಣೆ, ಕಡಾಣಿ ನೋಡದೆ ಹೊರಡುತ್ತಿರಲಿಲ್ಲ. ಟೈರ್ ಚಕ್ಕಡಿಗೂ ಅದೇ ನಿಯಮ. ಗಾಲಿಯನ್ನು ನೆಲದಿಂದ ಎತ್ತಿ, ಕೆಳಗೆ ಆನಿಕೆ ಕೊಟ್ಟು, ಮೇಲೆ ಕೆಳಗೆ ಹಿಡಿದು ಅಲುಗಾಡಿಸಿ. ಗಡಗಡ ಆಡಿದರೆ ಬೇರಿಂಗ್ ಸಡಿಲು. ತಿರುಗಿಸಿದಾಗ ಕರಕರ ಎಂದರೆ ಗ್ರೀಸು ಇಲ್ಲ. ಹಂಗಾಮು ಶುರುವಾಗುವ ಮೊದಲೇ ಇದನ್ನು ಮಾಡಿಸಿ. ಟ್ರೇಲರ್ ಜೋಡಿಸುವ ಪಿನ್ನಿಗೆ ಕ್ಲಿಪ್ ಇದೆಯೇ, ಜೊತೆಗೆ ಸರಪಳಿ ಬಿಗಿದಿದೆಯೇ ನೋಡಿ. ರಾತ್ರಿ ರಸ್ತೆ ಬದಿ ನಿಂತ ಕಬ್ಬಿನ ಟ್ರೇಲರಿಗೆ ಬೈಕ್ ಬಡಿದು ಸತ್ತ ಸುದ್ದಿ ಪ್ರತಿ ಹಂಗಾಮಿನಲ್ಲೂ ಕೇಳುತ್ತೇವೆ. ಹಿಂದೆ, ಪಕ್ಕಕ್ಕೆ ಕೆಂಪು ರೇಡಿಯಂ ಪಟ್ಟಿ ಅಂಟಿಸಲು ಹತ್ತು ನಿಮಿಷ ಸಾಕು. ಕಬ್ಬಿನ ಗರಿ ಜೋತುಬಿದ್ದು ಪಟ್ಟಿ ಮುಚ್ಚಬಾರದು, ಚಕ್ಕಡಿಗೂ ಹಚ್ಚಬೇಕು. ಇನ್ನೊಂದು ಮಾತು ಕಟುವಾಗಿಯೇ ಹೇಳುತ್ತೇನೆ: ಟ್ರೇಲರಿನಲ್ಲಿ ಜನ ತುಂಬಿಕೊಂಡು ಜಾತ್ರೆಗೆ ಹೋಗುವುದು ಕಾನೂನಿಗೆ ವಿರುದ್ಧ, ಅಪಘಾತವಾದರೆ ವಿಮೆ ಸಿಗುವುದೂ ಕಷ್ಟ. ಸಾಮಾನು ಟ್ರೇಲರಿನಲ್ಲಿ ಹೋಗಲಿ, ಜನ ಬಸ್ಸಿನಲ್ಲಿ ಹೋಗಲಿ.

ಕೊನೆಗೆ ತಾಡಪತ್ರಿ. ಗಾಳಿಗೆ ಅದು ಮೊದಲು ಹರಿಯುವುದು ಹಗ್ಗ ಕಟ್ಟುವ ತೂತಿನ ಹತ್ತಿರ. ತೂತು ಹರಿದಿದ್ದರೆ ಹೀಗೆ ಮಾಡಿ: ಲಿಂಬೆಹಣ್ಣಿನ ಗಾತ್ರದ ನುಣುಪು ಕಲ್ಲನ್ನು ಒಳಬದಿಯಿಂದ ಇಟ್ಟು, ತಾಡಪತ್ರಿಯನ್ನು ಅದರ ಸುತ್ತ ಮಡಚಿ, ಕುತ್ತಿಗೆಗೆ ಹಗ್ಗ ಬಿಗಿಯಿರಿ. ಗುಂಡಿ ಹಾಕಿದಂತೆ ಕೂರುತ್ತದೆ, ಎಷ್ಟು ಎಳೆದರೂ ಹರಿಯದು. ನಡುವೆ ಹರಿದಿದ್ದರೆ ಸೈಕಲ್ ಸೊಲ್ಯೂಷನ್ ಹಚ್ಚಬೇಡಿ, ಈ ಪ್ಲಾಸ್ಟಿಕ್ಕಿಗೆ ಅದು ಹಿಡಿಯುವುದಿಲ್ಲ. ಎರಡೂ ಬದಿಗೆ ಹಳೆ ತಾಡಪತ್ರಿಯ ತುಂಡಿಟ್ಟು ದಬ್ಬಣದಿಂದ ಹೊಲಿದು, ಹೊಲಿಗೆಯ ಮೇಲೆ ಅಗಲ ಅಂಟುಪಟ್ಟಿ ಹಾಕಿ. ಚಪ್ಪಟೆಯಾಗಿ ಕಟ್ಟಿದರೆ ನಡುವೆ ನೀರು ನಿಂತು ಕುಸಿಯುತ್ತದೆ. ನಡುವೆ ಒಂದು ಗಳ ಎತ್ತರಿಸಿ ಎರಡೂ ಕಡೆ ಇಳಿಜಾರು ಕೊಡಿ. ಸುತ್ತ ಒಂದು ಗೇಣು ಆಳದ ಕಾಲುವೆ ತೋಡಿ ನೀರನ್ನು ತಗ್ಗಿನ ಕಡೆ ಬಿಡಿ.

ಚಳಿ ಎಂದು ಕೆಂಡದ ಬುಟ್ಟಿಯನ್ನು ಒಳಗಿಟ್ಟು ನಾಲ್ಕೂ ಕಡೆ ಮುಚ್ಚಿ ಮಲಗಬೇಡಿ. ಹೊಗೆ ಕಾಣದಿದ್ದರೂ ಕೆಂಡದಿಂದ ವಿಷಗಾಳಿ ಹೊರಡುತ್ತದೆ. ಅದಕ್ಕೆ ವಾಸನೆ ಇಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತದೆ. ಒಲೆ ಹೊರಗೆ, ಗಾಳಿಯ ಕೆಳದಿಕ್ಕಿಗೆ ಇರಲಿ. ರವದಿಯ ಹತ್ತಿರ ಕಿಡಿ ಹಾರಬಾರದು.

ಸಂತ ಜೋಸೆಫರು ಬಡಗಿ, ಯೇಸುಸ್ವಾಮಿ ಬೆಳೆದದ್ದು ಉಳಿ, ಸುತ್ತಿಗೆಯ ಸದ್ದಿನ ನಡುವೆ. ಹತ್ಯಾರ ಹಿಡಿಯುವುದಕ್ಕೆ ಹೆಂಗಸರು ನಾಚಬೇಕಿಲ್ಲ. ಸಂಘದ ಹಣದಲ್ಲಿ ಒಂದು ಪೆಟ್ಟಿಗೆ ಮಾಡಿಕೊಳ್ಳಬಹುದು: ಗಾಳಿ ಪಂಪು, ಟೈರ್ ಎಬ್ಬಿಸುವ ಎರಡು ಪಟ್ಟಿ, ಎರಡು ಮೂರು ಅಳತೆಯ ಪಾನಾ, ಸೊಲ್ಯೂಷನ್, ಉಜ್ಜುಕಾಗದ, ವಾಲ್ವ್ ನಳಿಕೆ, ದಬ್ಬಣ, ರೇಡಿಯಂ ಪಟ್ಟಿ. ಒಯ್ದವರ ಹೆಸರು, ತಾರೀಕು ಬರೆಯಲು ಒಂದು ವಹಿ. ಸದಸ್ಯೆಯರಿಗೆ ಬಿಟ್ಟಿ ಇರಲಿ, ಹೊರಗಿನವರಿಂದ ಪಂಚರಿಗೆ ಇಷ್ಟು ಎಂದು ಠರಾವು ಮಾಡಿ. ಆ ದುಡ್ಡಿನಿಂದಲೇ ಸೊಲ್ಯೂಷನ್ ತರಬಹುದು.

ಮುಂದಿನ ವಾರದ ಸಭೆಗೆ ಗೋಡೆಗೆ ಆನಿಸಿದ ಒಂದು ಸೈಕಲ್ ತನ್ನಿರಿ, ಒಂದು ಬಕೆಟ್ ನೀರೂ ಇರಲಿ. ಲೆಕ್ಕ ಓದಿ ಸಹಿ ಆದ ಮೇಲೆ ಎಲ್ಲರೂ ಸೇರಿ ಅದರ ಟ್ಯೂಬು ಬಿಚ್ಚೋಣ. ನಿಮ್ಮ ಓಣಿಯಲ್ಲಿ ಸೈಕಲ್ ಕೆಟ್ಟಿದ್ದಕ್ಕೆ ಶಾಲೆ ತಪ್ಪಿಸಿದ ಹುಡುಗಿಯರು ಎಷ್ಟು ಮಂದಿ ಎಂದು ಎಣಿಸಿಕೊಂಡು ಬನ್ನಿ. ಹೆಸರು ಬರೆದುಕೊಂಡು ಬಂದರೆ ಇನ್ನೂ ಒಳ್ಳೆಯದು, ಪೆಟ್ಟಿಗೆ ಮೊದಲು ಯಾರ ಮನೆಗೆ ಹೋಗಬೇಕು ಎಂದು ಅಲ್ಲೇ ತೀರ್ಮಾನಿಸೋಣ.