ಎಂಜಿನಿನ ಉಸಿರು, ಘಟ್ಟದ ಬುಡದ ಬಿಸಿ

ಪಿಸ್ಟನ್ ಕೆಳಗಿಳಿದಾಗಲೆಲ್ಲ ಸಿಲಿಂಡರಿನೊಳಗೆ ಎಷ್ಟು ತೂಕದ ಗಾಳಿ ಸೇರುತ್ತದೆ ಎಂಬುದರ ಮೇಲೆ ಕಾರಿನ ಎಂಜಿನಿನ ಶಕ್ತಿ ನಿಂತಿದ್ದು, ಬಿಸಿಯಾದ ಗಾಳಿ ಹಿಗ್ಗಿ ಹಗುರವಾಗುವ ಕಾರಣ ಅಷ್ಟೇ ಜಾಗದಲ್ಲಿ ಅಡಗುವ ಆಮ್ಲಜನಕವೂ, ಅದರೊಂದಿಗೆ ಸುಡಬಹುದಾದ ಇಂಧನವೂ ಕಡಿಮೆಯಾಗುತ್ತವೆ. ಈ ಹಿಗ್ಗುವಿಕೆಯನ್ನು ಅಳೆಯಲು ಸೆಲ್ಸಿಯಸ್ ಅಂಕಿಗೆ 273 ಕೂಡಿಸಿದಾಗ ದೊರೆಯುವ ಕೆಲ್ವಿನ್ ಮಾನವನ್ನು ಬಳಸಬೇಕಾಗಿದ್ದು, ಅದರಂತೆ ಹೊರಗಿನ 35 ಡಿಗ್ರಿಯ ಗಾಳಿ 308 ಕೆಲ್ವಿನ್, ಬಾನೆಟ್ಟಿನೊಳಗೆ ಕಾದು 60 ಡಿಗ್ರಿಯಾದ ಗಾಳಿ 333 ಕೆಲ್ವಿನ್ ಆಗುತ್ತದೆ. ಎಂದರೆ ಎರಡನೆಯದು ಮೊದಲನೆಯದಕ್ಕಿಂತ ಸುಮಾರು ಶೇ. 7.5ರಷ್ಟು ತೆಳು. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನಿನಲ್ಲಿ ಶಕ್ತಿಯ ನಷ್ಟ ಅಷ್ಟೇ ಪ್ರಮಾಣದಲ್ಲಿ ಆಗುವುದಿಲ್ಲ. ತಂಪಾಗಿ ಒಳಬಂದ ಗಾಳಿಯೂ ಸಿಲಿಂಡರ್ ಸೇರುವ ಮೊದಲೇ ಕೊಳವೆಯ ಗೋಡೆಗಳಿಂದ ಒಂದಿಷ್ಟು ಬಿಸಿ ಹೀರಿಕೊಳ್ಳುವುದರಿಂದ, ಎಂಜಿನ್ ಪರೀಕ್ಷೆಯ ಲೆಕ್ಕದಲ್ಲಿ ಈ ಅನುಪಾತದ ವರ್ಗಮೂಲವನ್ನು ಹಿಡಿಯುತ್ತಾರೆ. ಆಗ ನಷ್ಟ ಶೇ. 4ರ ಆಸುಪಾಸಿಗೆ ಬರುತ್ತದೆ. 80 ಅಶ್ವಶಕ್ತಿಯ ಕಾರಿನಲ್ಲಿ ಅದು ಮೂರು ಅಶ್ವಶಕ್ತಿ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಹವೆಯಲ್ಲಿ ಈ ಲೆಕ್ಕಕ್ಕೆ ಇನ್ನೊಂದು ಅಂಶ ಸೇರಿಕೊಳ್ಳುತ್ತದೆ. ಮೇ ತಿಂಗಳ ಸೆಕೆಯಲ್ಲಿ, 33 ಡಿಗ್ರಿ ಉಷ್ಣತೆಗೆ ಶೇ. 70ರಷ್ಟು ಆರ್ದ್ರತೆ ಕೂಡಿದಾಗ, ಎಂಜಿನ್ ಎಳೆದುಕೊಳ್ಳುವ ಗಾಳಿಯಲ್ಲಿ ಸುಮಾರು ಶೇ. 3.5 ಪಾಲು ನೀರಿನ ಆವಿಯೇ ಆಗಿದ್ದು, ಅಷ್ಟು ಆಮ್ಲಜನಕ ಆಗಲೇ ಕೈತಪ್ಪಿರುತ್ತದೆ. ಕಾರಿಗೆ ಜೋಡಿಸುವ ಯಾವ ಬಿಡಿಭಾಗವೂ ಇದನ್ನು ಮರಳಿ ತರಲಾರದು. ಕರಾವಳಿಯವರು 'ಬೇಸಗೆಯಲ್ಲಿ ಗಾಡಿಗೆ ಪಿಕಪ್ ಇಲ್ಲ' ಎನ್ನುವಾಗ ಅದರ ಹಿಂದೆ ಇಂಥ ಭೌತಿಕ ಕಾರಣಗಳಿವೆ ಎಂಬುದನ್ನು ಒಪ್ಪಿಕೊಂಡ ಮೇಲೆಯೇ, ಉಳಿದ ಭಾಗದಲ್ಲಿ ಏನನ್ನು ಗಳಿಸಬಹುದು ಎಂಬ ಪ್ರಶ್ನೆಗೆ ಅರ್ಥ ಬರುತ್ತದೆ.

ಈ ಲೇಖಕ ಕಲಿತ ಮೊದಲ ಪಾಠ ಹಣ ತೆತ್ತು ಕಲಿತದ್ದು. ತನ್ನ ಪೆಟ್ರೋಲ್ ಕಾರಿನ ಮೂಲ ಏರ್ ಫಿಲ್ಟರ್ ಡಬ್ಬಿಯನ್ನು ತೆಗೆಸಿ, ಅದರ ಜಾಗದಲ್ಲಿ ತೆರೆದ ಶಂಕುವಿನಾಕಾರದ ಫಿಲ್ಟರನ್ನು ಕೂರಿಸಿದಾಗ ಎಂಜಿನಿನ ಉಸಿರಿನ ಸದ್ದು ಗಟ್ಟಿಯಾಗಿ ಕೇಳತೊಡಗಿ, ಆ ಸದ್ದೇ ಶಕ್ತಿ ಹೆಚ್ಚಿದೆಯೆಂಬ ನಂಬಿಕೆಯನ್ನು ಹುಟ್ಟಿಸಿತು. ಆದರೆ ಕಾರಿನ ಗಣಕಕ್ಕೆ ಸಿಕ್ಕಿಸುವ ಸಣ್ಣ ಓಬಿಡಿ ಸಾಧನದ ಮೂಲಕ, ಒಳಸೇರುವ ಗಾಳಿಯ ಉಷ್ಣತೆಯನ್ನು ಮೊಬೈಲಿನ ಪರದೆಯಲ್ಲಿ ನೋಡಿದಾಗ ಚಿತ್ರ ಬೇರೆಯಾಯಿತು. ಕಲ್ಲಡ್ಕದ ಮೇಲ್ಸೇತುವೆಯ ಕಾಮಗಾರಿ ನಡೆಯುತ್ತಿದ್ದ ವರ್ಷಗಳಲ್ಲಿ ಅಲ್ಲಿನ ಸಾಲಿನಲ್ಲಿ ನಿಂತು ನಿಂತು ಸಾಗುವಾಗ ಅಂಕಿ ಅರವತ್ತನ್ನು ದಾಟುತ್ತಿತ್ತು. ದಾರಿ ತೆರವಾಗಿ ವೇಗ ಹಿಡಿದ ಮೇಲೂ ಅದು ಇಳಿಯಲು ಹಲವು ನಿಮಿಷ ಬೇಕಾಗುತ್ತಿತ್ತು. ತೆರೆದ ಫಿಲ್ಟರ್ ರೇಡಿಯೇಟರಿನ ಹಿಂದಿನ ಬಿಸಿಯನ್ನೇ ಕುಡಿಯುತ್ತಿತ್ತೆಂಬುದು ಆಗ ಅರಿವಾಯಿತು. ಮೂಲ ಡಬ್ಬಿಯನ್ನು ಮರಳಿ ಕೂರಿಸಿ, ಅದರಿಂದ ರೇಡಿಯೇಟರಿನ ಮೇಲಂಚಿನವರೆಗೆ ಚಾಚುವ ಪ್ಲಾಸ್ಟಿಕ್ ಮೂತಿಯನ್ನೂ ಸಿಕ್ಕಿಸಿದ ಮೇಲೆ, ಬಿ.ಸಿ. ರೋಡಿನಿಂದ ಬೆಳ್ತಂಗಡಿಯ ಕಡೆಗೆ ಸಾಗುವಾಗ ಅದೇ ಅಂಕಿ ಹೊರಗಿನ ಹವೆಗಿಂತ ಏಳೆಂಟು ಡಿಗ್ರಿಯಷ್ಟೇ ಹೆಚ್ಚಿರುತ್ತಿತ್ತು. ಫಿಲ್ಟರ್ ಬದಲಿಸುವಾಗ ಹಲವರು ಕಳಚಿ ಮೂಲೆಗೆ ಹಾಕಿಬಿಡುವ ಆ ಮೂತಿಯೇ ಈ ಸೀಮೆಯಲ್ಲಿ ಅತ್ಯಂತ ಅಗ್ಗದ ತಂಪುಗಾಳಿಯ ಮೂಲ.

ಪೆಟ್ರೋಲ್ ಎಂಜಿನಿನಲ್ಲಿ ಬಿಸಿಗಾಳಿಯ ಹಾನಿ ಸಾಂದ್ರತೆಯಲ್ಲಿ ಮುಗಿಯುವುದಿಲ್ಲ. ಬಿಸಿಯಾದ ಮಿಶ್ರಣ ಒತ್ತಡಕ್ಕೆ ಸಿಕ್ಕಿದಾಗ, ಕಿಡಿಯಿಂದ ಹೊರಟ ಜ್ವಾಲೆ ತಲುಪುವ ಮೊದಲೇ ಒಂದು ಮೂಲೆಯಲ್ಲಿ ತಾನಾಗಿ ಹೊತ್ತಿಕೊಳ್ಳುವ ಸಾಧ್ಯತೆಯಿದ್ದು, ಲೋಹದ ಕಿಟಿಕಿಟಿ ಸದ್ದಿನ ಈ ವಿದ್ಯಮಾನಕ್ಕೆ ನಾಕಿಂಗ್ ಎಂದು ಹೆಸರು. ಅದನ್ನು ಗ್ರಹಿಸಿದ ಎಂಜಿನ್ ಗಣಕವು ಕಿಡಿಯನ್ನು ತಡವಾಗಿ ಹೊತ್ತಿಸಿ ಎಂಜಿನನ್ನು ಕಾಪಾಡುತ್ತದೆಯಾದರೂ, ಹಾಗೆ ಕಾಪಾಡುವಾಗ ಕಳೆದುಹೋಗುವ ಎಳೆತ ತೆಳುಗಾಳಿಯ ನಷ್ಟಕ್ಕೆ ಮೇಲಾಗಿ ಸೇರಿಕೊಳ್ಳುತ್ತದೆ.

ಗಾಳಿಯನ್ನು ತಂಪಾಗಿಸುವ ವಿದ್ಯೆಯ ನಿಜವಾದ ಫಲ ಕಾಣುವುದು ಟರ್ಬೊ ಇರುವ ಎಂಜಿನುಗಳಲ್ಲಿ. ಸೈಲೆನ್ಸರಿನ ಕಡೆಗೆ ಹೋಗುವ ಸುಟ್ಟ ಅನಿಲದ ಬಲದಿಂದ ತಿರುಗುವ ಚಕ್ರವೊಂದು ಹೊರಗಿನ ಗಾಳಿಯನ್ನು ಒತ್ತಿ ಎಂಜಿನಿಗೆ ತುಂಬುವ ಸಾಧನವೇ ಟರ್ಬೊ. ಸೈಕಲ್ ಪಂಪಿನ ತುದಿ ಬಿಸಿಯಾಗುವಂತೆ ಒತ್ತಿದ ಗಾಳಿಯೂ ಬಿಸಿಯಾಗುತ್ತದೆ: 35 ಡಿಗ್ರಿಯ ಗಾಳಿಯನ್ನು ಎರಡು ಪಟ್ಟು ಒತ್ತಡಕ್ಕೆ ತಂದರೆ, ಟರ್ಬೊದ ದಕ್ಷತೆಯನ್ನು ಶೇ. 70 ಎಂದು ಹಿಡಿದಾಗ, ಅದು ಸುಮಾರು 130 ಡಿಗ್ರಿಗೆ ಏರುತ್ತದೆ. ಒತ್ತಡ ಇಮ್ಮಡಿಯಾದರೂ ಸಾಂದ್ರತೆ ಒಂದೂವರೆ ಪಟ್ಟಷ್ಟೇ ಆಗುತ್ತದೆ. ಟರ್ಬೊ ಮತ್ತು ಎಂಜಿನಿನ ನಡುವೆ, ರೇಡಿಯೇಟರಿನಂತೆಯೇ ತೆಳು ಅಲ್ಯುಮಿನಿಯಂ ರೆಕ್ಕೆಗಳಿರುವ ಇಂಟರ್‌ಕೂಲರನ್ನು ಇರಿಸಿ ಆ ಗಾಳಿಯನ್ನು 60 ಡಿಗ್ರಿಗೆ ಇಳಿಸಿದರೆ ಸಾಂದ್ರತೆ 1.85 ಪಟ್ಟು ತಲುಪುತ್ತದೆ. ಟರ್ಬೊ ಇಲ್ಲದ ಕಾರಿನ ಶೇ. 4ರ ಎದುರು ಇದು ಶೇ. 20ಕ್ಕೂ ಮಿಕ್ಕಿದ ಗಳಿಕೆ. 1978ರಲ್ಲಿ ಪೋರ್ಷೆ 911 ಟರ್ಬೊ ಕಾರಿನ ಹೊಸ ಮಾದರಿ ದೊಡ್ಡ ಎಂಜಿನಿನ ಜೊತೆಗೆ ಇಂಟರ್‌ಕೂಲರನ್ನೂ ಪಡೆದುಕೊಂಡದ್ದು ಈ ಕಾರಣಕ್ಕಾಗಿಯೇ. ನಮ್ಮ ರಸ್ತೆಗಳ ಟಾಟಾ ಲಾರಿಗಳ 497 ಎಂಜಿನಿನ ಹೆಸರಿನ ಕೊನೆಯಲ್ಲಿರುವ 'ಟಿಸಿಐಸಿ' ಅಕ್ಷರಗಳು ಸೂಚಿಸುವುದೂ ಟರ್ಬೊ ಮತ್ತು ಇಂಟರ್‌ಕೂಲರುಗಳ ಈ ಜೋಡಿಯನ್ನೇ.

ಲೇಖಕ ಮುಂದೆ ಕೊಂಡ ಡೀಸೆಲ್ ಕಾರು ಈ ಜೋಡಿಯ ದೌರ್ಬಲ್ಯವನ್ನು ಚಾರ್ಮಾಡಿ ಘಾಟಿಯಲ್ಲಿ ತೋರಿಸಿಕೊಟ್ಟಿತು. ಬಯಲು ರಸ್ತೆಯಲ್ಲಿ ಬಸ್ಸೊಂದನ್ನು ಹಿಂದಿಕ್ಕುವಷ್ಟು ಹೊತ್ತಿನ ಬಿಸಿಯನ್ನು ಇಂಟರ್‌ಕೂಲರಿನ ಲೋಹವೇ ನುಂಗಿಕೊಳ್ಳುತ್ತದೆ; ಆದರೆ ಎರಡನೇ ಗೇರಿನಲ್ಲಿ ತಿರುವಿನ ಮೇಲೆ ತಿರುವು ಹತ್ತುವಾಗ ಭಾರ ಹೆಚ್ಚಿ, ಎದುರುಗಾಳಿ ಕಡಿಮೆಯಾಗಿ, ಲೋಹ ತಾನೇ ಕಾದುಹೋಗುತ್ತದೆ. ಎತ್ತರವೂ ಇದರೊಂದಿಗೆ ಸೇರುತ್ತದೆ. ಸಮುದ್ರಮಟ್ಟದಿಂದ 1000 ಮೀಟರ್ ಮೇಲೆ ಗಾಳಿಯ ಒತ್ತಡ ಸುಮಾರು ಶೇ. 11 ಇಳಿದಿರುತ್ತದೆ; ಘಾಟಿಯ ಮೇಲಿನ ಕೊಟ್ಟಿಗೆಹಾರದ ತಂಪು ಮೈಗೆ ಎಷ್ಟೇ ಹಿತವಾಗಿದ್ದರೂ ಆರೇಳು ಡಿಗ್ರಿಯ ಇಳಿಕೆ ಶೇ. 2ರಷ್ಟನ್ನು ಮಾತ್ರ ಹಿಂದಿರುಗಿಸುತ್ತದೆ.

ಒಂದು ಸಲ ಅದೇ ಏರಿನಲ್ಲಿ ಕಾರು ಎಳೆಯಲಾರದೆ ಕಪ್ಪು ಹೊಗೆ ಬಿಡತೊಡಗಿ, ಆಕ್ಸಿಲರೇಟರ್ ಒತ್ತಿದಾಗಲೆಲ್ಲ 'ಸುಯ್' ಎಂಬ ಸದ್ದು ಕೇಳಿಬಂದಾಗ, ಮೊದಲು ಎದ್ದ ಅನುಮಾನ ಟರ್ಬೊ ಹಾಳಾಗಿದೆಯೆಂಬುದು. ಉಜಿರೆಯ ಹತ್ತಿರದ ಮೆಕ್ಯಾನಿಕ್ ಒಬ್ಬರು ಏನನ್ನೂ ಬಿಚ್ಚದೆ, ಟಾರ್ಚ್ ಹಿಡಿದು ಇಂಟರ್‌ಕೂಲರಿಗೆ ಹೋಗುವ ರಬ್ಬರ್ ಹೋಸಿನ ಕೆಳಭಾಗವನ್ನು ತೋರಿಸಿದರು. ಟರ್ಬೊದಿಂದ ಗಾಳಿಯೊಂದಿಗೆ ಸದಾ ಸ್ವಲ್ಪ ಸ್ವಲ್ಪ ಹಾಯುವ ಎಣ್ಣೆಯ ಮಂಜು ಕ್ಲಾಂಪಿನ ಪಕ್ಕದ ಸೀಳಿನಿಂದ ಹೊರಜಿನುಗಿ, ಅದರ ಮೇಲೆ ಮುರಕಲ್ಲಿನ ಕೆಂಪು ಧೂಳು ಬೀಸಣಿಗೆಯ ಆಕಾರದಲ್ಲಿ ಅಂಟಿಕೊಂಡಿತ್ತು. ಒತ್ತಿ, ತಂಪಾಗಿಸಬೇಕಾದ ಗಾಳಿ ಆ ಬೆರಳುದ್ದದ ಸೀಳಿನಿಂದ ಹೊರಹೋಗುತ್ತಿದ್ದುದರಿಂದ ಡೀಸೆಲ್ ಪೂರ್ತಿ ಸುಡದೆ ಹೊಗೆಯಾಗುತ್ತಿತ್ತು. ಆ ಕೆಂಪು ಬೀಸಣಿಗೆಯ ಗುರುತು ಯಾವ ಯಂತ್ರದ ವರದಿಗಿಂತಲೂ ಸ್ಪಷ್ಟವಾಗಿದ್ದು, ಅದನ್ನು ಓದಲು ಬಲ್ಲ ಕೈಗಳು ಇನ್ನೂ ನಮ್ಮ ಪೇಟೆಗಳಲ್ಲಿವೆ ಎಂಬುದು ಸಂತೋಷದ ವಿಷಯ. ಅವರೇ ಇಂಟರ್‌ಕೂಲರಿನ ಮುಖವನ್ನೂ ತೋರಿಸಿದರು: ರೆಕ್ಕೆಗಳ ನಡುವಿನ ಸಂದುಗಳಲ್ಲಿ ಅರ್ಧದಷ್ಟು ಕೆಸರು ಮತ್ತು ಮೊದಲ ಮಳೆಗೆ ಏಳುವ ರೆಕ್ಕೆಹುಳುಗಳಿಂದ ಮುಚ್ಚಿಹೋಗಿದ್ದವು. ಜೋರು ಧಾರೆಯ ಪಂಪ್ ತಾಗಿಸಿದರೆ ರೆಕ್ಕೆಗಳು ಮಡಚಿಕೊಳ್ಳುವುದರಿಂದ, ಹಿಂದಿನಿಂದ ಮುಂದಕ್ಕೆ ತೋಟದ ಪೈಪಿನ ಮೆತ್ತನೆಯ ನೀರು ಹಾಯಿಸುವುದೇ ತಕ್ಕ ಕ್ರಮ.

ಇನ್ನು ಮಳೆಗಾಲ. ತಂಪುಗಾಳಿ ಸಿಗುವುದು ನೆಲದ ಹತ್ತಿರ, ಬಂಪರಿನ ಮರೆಯಲ್ಲಿ. ಅದನ್ನೇ ನಂಬಿ ಪೆಟ್ರೋಲ್ ಕಾರಿಗೆ ಕೆಲಕಾಲ ಕೆಳಮುಖದ ಉದ್ದ ಕೊಳವೆಯನ್ನು ಜೋಡಿಸಿದ್ದುಂಟು. ಬೇಸಗೆಯಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡಿತು. ಆದರೆ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ, 1923 ಮತ್ತು 1974ರ ನೇತ್ರಾವತಿಯ ನೆರೆಯನ್ನು ಇಂದಿಗೂ ತುಳುವಿನಲ್ಲಿ 'ಬೊಳ್ಳ'ವೆಂದೇ ನೆನೆಯುವ ಊರಿನಲ್ಲಿ ಇದು ಅಪಾಯದ ಏರ್ಪಾಡು. ಗಾಳಿಯಂತೆ ನೀರು ಒತ್ತಡಕ್ಕೆ ಕುಗ್ಗುವುದಿಲ್ಲವಾದ್ದರಿಂದ, ಸಿಲಿಂಡರಿಗೆ ನೀರು ಹೊಕ್ಕರೆ ಮೇಲೇರುವ ಪಿಸ್ಟನ್ ಅದಕ್ಕೆ ಬಡಿದು ಕನೆಕ್ಟಿಂಗ್ ರಾಡ್ ಬಾಗಿಹೋಗುತ್ತದೆ. ಜುಲೈಯ ಒಂದು ಸಂಜೆ ಪಾಣೆಮಂಗಳೂರಿನ ತಗ್ಗು ರಸ್ತೆಯಲ್ಲಿ, ಮೊಣಕಾಲಿಗಿಂತ ಕೆಳಗಿದ್ದ ನೀರಿನಲ್ಲೇ ಎಂಜಿನ್ ಕೆಮ್ಮಿ ನಿಂತಾಗ, ಮತ್ತೆ ಚಾಲೂ ಮಾಡುವ ಆಸೆಯನ್ನು ತಡೆದುಕೊಂಡದ್ದರಿಂದ ಅದು ಉಳಿಯಿತು. ಮರುದಿನ ಸ್ಪಾರ್ಕ್ ಪ್ಲಗ್ಗುಗಳನ್ನು ಕಳಚಿ ಎಂಜಿನನ್ನು ತಿರುಗಿಸಿದಾಗ ಮೂರನೆಯ ಸಿಲಿಂಡರಿನಿಂದ ಕೆಸರುನೀರು ಚಿಮ್ಮಿತು. ಆ ಕೊಳವೆಯ ಬಾಯಿ ನೆಲದಿಂದ 30 ಸೆಂಟಿಮೀಟರ್ ಎತ್ತರದಲ್ಲಿತ್ತು. ಈಗ ಅದೇ ಕಾರು ಉಸಿರೆಳೆಯುವ ಮೂಲ ಮೂತಿ ಇರುವುದು 70 ಸೆಂಟಿಮೀಟರಿನಲ್ಲಿ.