ಅರ್ಧದಲ್ಲಿ ನಿಂತ ಪದ್ಯ

ಮುಳಬಾಗಿಲು ತಾಲ್ಲೂಕಿನಲ್ಲಿ, ಆಂಧ್ರದ ಗಡಿಗೆ ಸಮೀಪವಾದ ಗ್ರಾಮವೊಂದರಲ್ಲಿ, ಜಾತ್ರೆಯ ರಾತ್ರಿ ಕುರುಕ್ಷೇತ್ರ ನಾಟಕದ ನಡುವೆ ನಾನು ಎದ್ದುನಿಂತು ಆಡಿದ ಮಾತಿನಿಂದ ತಮ್ಮ ಮನೆಯ ಮರ್ಯಾದೆ ಹೋಯಿತೆಂದು ನನ್ನ ಅಕ್ಕನ ಯಜಮಾನರು ಕಂಡಕಂಡವರಲ್ಲಿ ಹೇಳುತ್ತಿರುವುದರಿಂದ, ಆ ರಾತ್ರಿ ನಡೆದುದೇನೆಂಬುದನ್ನು ಬರೆದಿಡುವುದು ನನಗೆ ಕರ್ತವ್ಯವಾಗಿ ತೋರಿದೆ.

ನಾನು ಸಂಗೀತಶಾಸ್ತ್ರವನ್ನು ಬಲ್ಲವನಲ್ಲ. ಮಾಲೂರಿನಲ್ಲಿ ಹುಟ್ಟಿ ಬೆಳೆದು, ಹಾಡು ಕಿವಿಗೆ ಬಿದ್ದರೆ ನಿಂತು ಕೇಳುವ ಅಭ್ಯಾಸವೊಂದನ್ನು ಮಾತ್ರ ಉಳಿಸಿಕೊಂಡವನು. ಆದರೆ ಪೌರಾಣಿಕ ನಾಟಕಕ್ಕೆ ಅಷ್ಟೇ ಸಾಕು. ದಿವಾಕರ್ಲ ತಿರುಪತಿ ಶಾಸ್ತ್ರಿ, ಚೆಳ್ಳಪಿಳ್ಳ ವೆಂಕಟ ಶಾಸ್ತ್ರಿ ಎಂಬ ಜೋಡಿ ಕವಿಗಳು ಭಾರತದ ಉದ್ಯೋಗಪರ್ವವನ್ನು ಆಧರಿಸಿ ರಚಿಸಿದ ತೆಲುಗು ನಾಟಕಗಳ ಪದ್ಯಗಳನ್ನು ನಮ್ಮ ಗಡಿಸೀಮೆಯ ಕನ್ನಡಿಗರೂ ತಮ್ಮವೆಂದೇ ಹಾಡಿಕೊಳ್ಳುತ್ತಾರೆ. ಹಾಡುವವರು ರಾಗಿ, ಟೊಮ್ಯಾಟೊ ಬೆಳೆಯುವ ರೈತರು. ಡೈರಿಗೆ ಹಾಲು ಹಾಕಿಬಂದು, ರಾತ್ರಿಯೆಲ್ಲ ಡ್ರಾಮಾ ಮೇಷ್ಟ್ರ ಎದುರಿನಲ್ಲಿ ತಿಂಗಳುಗಟ್ಟಲೆ ಅಭ್ಯಾಸ ಮಾಡಿ, ಪಾತ್ರಕ್ಕೆ ಇಂತಿಷ್ಟೆಂದು ಕೈಯಿಂದ ಹಣವನ್ನೂ ಕೊಟ್ಟು ಬಣ್ಣ ಹಚ್ಚಿಕೊಳ್ಳತಕ್ಕವರು. ಕೃಷ್ಣನ ಪಾತ್ರಕ್ಕೆ ಆಸೆಪಡುವವರು ಅನೇಕರಾದ್ದರಿಂದ ಒಂದೇ ರಾತ್ರಿಯಲ್ಲಿ ಒಬ್ಬರಾದ ಮೇಲೊಬ್ಬರು ಕೃಷ್ಣರಾಗುತ್ತಾರೆ. ಆಕಾಶವಾಣಿಯು 1940ರಲ್ಲಿ ನಿಷೇಧಿಸಿ ದಶಕಗಳ ಕಾಲ ದೂರವಿಟ್ಟ ಹಾರ್ಮೋನಿಯಂ ಈ ರಂಗಸ್ಥಳಗಳಲ್ಲಿ ಒಂದು ರಾತ್ರಿಯೂ ಸ್ಥಾನ ಕಳೆದುಕೊಳ್ಳಲಿಲ್ಲವೆಂಬುದನ್ನು ನೆನೆದರೆ ನನಗೆ ಹೆಮ್ಮೆಯಾಗುತ್ತದೆ.

ಅಂದು ರಾಯಭಾರದ ದೃಶ್ಯ ಆರಂಭವಾದಾಗ ನಡುರಾತ್ರಿ ಕಳೆದಿತ್ತು. ಕೃಷ್ಣನಾಗಿ ಬಂದವರು ನಡುವಯಸ್ಸಿನ ಕೃಶಕಾಯದ ರೈತರು. ಅಷ್ಟು ಸಣ್ಣ ದೇಹದಿಂದ ಅಂಥ ಕಂಠ ಹೊರಡಬಹುದೆಂದು ಯಾರೂ ಊಹಿಸಿರಲಾರರು. ಕೌರವಸಭೆಗೆ ಯುದ್ಧದ ಫಲವನ್ನು ಎಚ್ಚರಿಸಿ ಹೇಳುವ ಪದ್ಯವನ್ನು ಎತ್ತಿಕೊಂಡು, ಮೂರು ಪಾದಗಳನ್ನು ಮಾತಿನಷ್ಟೇ ಸ್ಪಷ್ಟವಾಗಿ ನುಡಿದು, ನಾಲ್ಕನೆಯ ಪಾದದ ಕೊನೆಯ ಸ್ವರವನ್ನು ಹಿಡಿದು ಮೇಲಕ್ಕೆ ಏರತೊಡಗಿದರು. ಹಾರ್ಮೋನಿಯಂ ಅವರ ಹಿಂದೆಯೇ ಏರಿತು. ತಬಲ ತಡೆದು ನಿಂತಿತು. ಕಡಲೆಕಾಯಿ ಮಾರುವವನೂ ಕೂಗುವುದನ್ನು ಬಿಟ್ಟು ರಂಗದತ್ತ ತಿರುಗಿದನು. ಸ್ವರವು ತಾರಷಡ್ಜವನ್ನು ಇನ್ನೇನು ಮುಟ್ಟಬೇಕು, ಅಷ್ಟರಲ್ಲಿ ಪಕ್ಕದ ಮೈಕಿನಿಂದ ಗಣ್ಯರೊಬ್ಬರು ದಯಮಾಡಿಸಿರುವರೆಂಬ ಘೋಷಣೆ ಹೊರಟಿತು. ಪದ್ಯ ತುಂಡಾಯಿತು. ದುರ್ಯೋಧನನ ಸಿಂಹಾಸನವನ್ನೇ ಗಣ್ಯರಿಗೆ ಬಿಟ್ಟುಕೊಟ್ಟರು, ಶಾಲು, ಪೇಟ, ಹಾರಗಳು ಬಂದವು, ಅನಂತರ ಭಾಷಣ. ರಸ್ತೆಯ ವಿಚಾರ, ಕೆರೆಯ ಹೂಳಿನ ವಿಚಾರ, ಮುಂದಿನ ಚುನಾವಣೆಯ ವಿಚಾರ. ಕಿರೀಟ ಹೊತ್ತ ಆ ರೈತರು ಬೆವರಿನಿಂದ ಕರಗುತ್ತಿದ್ದ ಬಣ್ಣವನ್ನು ಉತ್ತರೀಯದ ತುದಿಯಿಂದ ಒತ್ತಿಕೊಳ್ಳುತ್ತ ಪರದೆಯ ಅಂಚಿನಲ್ಲಿ ನಿಂತೇ ಇದ್ದರು. ಒಂದು ಕುರ್ಚಿಯನ್ನು ಕೊಡುವವರೂ ಇರಲಿಲ್ಲ.

ಆಗ ನಾನು ಎದ್ದೆನು. “ಸ್ವಾಮಿ, ಮೊದಲು ಪದ್ಯ ಮುಗಿಯಲಿ, ಆಮೇಲೆ ತಾವು ಮಾತಾಡಿ” ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆನು. ಭಾವನವರು ತೋಳು ಹಿಡಿದು ಜಗ್ಗುತ್ತ, “ಸುಮ್ಕೆ ಕೂತ್ಕೊಳಪ್ಪ, ಊರೋರ ಮುಂದೆ ಮಾನ ಕಳೀಬ್ಯಾಡ” ಎಂದರು. ಗಣ್ಯರನ್ನು ಆಹ್ವಾನಿಸಿದ್ದವರು ಅವರೇ. ನಾನು ಕುಳಿತುಕೊಳ್ಳಲಿಲ್ಲ. ಹಿಂದಿನಿಂದ ಕೆಲವರು ಹೆಂಗಸರು ನನ್ನ ಮಾತನ್ನೇ ಎತ್ತಿ ಆಡಿದರು. ಆದರೂ ಭಾಷಣ ತನ್ನ ಪೂರ್ಣ ಅವಧಿಯನ್ನು ತೆಗೆದುಕೊಂಡೇ ಮುಗಿಯಿತು.

ಪದ್ಯವನ್ನು ಮತ್ತೆ ಮೊದಲಿನಿಂದ ಹಾಡಿದರು. ಆದರೆ ಕಾದಿದ್ದ ಕಂಠ ತಣ್ಣಗಾಗಿತ್ತು. ಮೇಷ್ಟ್ರು ಅದನ್ನರಿತು ಶ್ರುತಿಯನ್ನು ಇಳಿಸಿಕೊಟ್ಟರು. ಸ್ವರ ಏರಿತು, ಆ ಎತ್ತರವನ್ನು ಮುಟ್ಟಲಿಲ್ಲ. ಒನ್ಸ್‌ಮೋರ್ ಕೂಗಲು ಕಾದಿದ್ದ ಜನ ಸುಮ್ಮನೆ ಚಪ್ಪಾಳೆ ತಟ್ಟಿದರು. ಒಬ್ಬ ಮನುಷ್ಯನ ತಿಂಗಳುಗಳ ರಾತ್ರಿಗಳು ಹೀಗೆ ವ್ಯರ್ಥವಾದುದನ್ನು ಕಂಡು ಸುಮ್ಮನಿರುವುದು ಮರ್ಯಾದೆಯೆನ್ನುವುದಾದರೆ, ಆ ಮರ್ಯಾದೆ ನನಗೆ ಬೇಡ.

ಕೋಲಾರ, ಶ್ರೀನಿವಾಸಪುರಗಳ ಕಡೆಯಿಂದ ಇಂಥ ನಾಟಕಕ್ಕೆ ಹೋಗುವವರು ಉದ್ಯೋಗಪರ್ವದ ಕಥೆಯನ್ನೊಮ್ಮೆ ಓದಿಕೊಂಡು ಹೋಗುವುದು ಒಳ್ಳೆಯದು. ತೆಲುಗು ಬಾರದವರಿಗೂ ಪದ್ಯ ಆಗ ದಕ್ಕುತ್ತದೆ. ಧ್ವನಿವರ್ಧಕದಿಂದ ದೂರವಾಗಿ, ಹಾರ್ಮೋನಿಯಂ ಇರುವ ಪಕ್ಕದಲ್ಲಿ ಕೂರಬೇಕು. ಹೊದೆಯಲು ಕಂಬಳಿಯಿರಲಿ. ಮಧ್ಯರಾತ್ರಿಗೇ ಎದ್ದುಹೋದವರಿಗೆ ಕರ್ಣನ ಭಾಗ ಸಿಗುವುದಿಲ್ಲ. ನಾಟಕ ಮಾಡಿಸುವವರಲ್ಲಿ ನನ್ನ ಪ್ರಾರ್ಥನೆ ಒಂದೇ: ಸನ್ಮಾನಗಳೆಲ್ಲ ನಾಂದಿಪದ್ಯಕ್ಕೆ ಮುನ್ನವೇ ಮುಗಿಯಲಿ, ತಡವಾಗಿ ಬಂದವರು ಎಷ್ಟೇ ದೊಡ್ಡವರಾದರೂ ಜನರೊಡನೆ ಕುಳಿತು ಕೇಳಲಿ. ಈ ವರ್ಷದ ಜಾತ್ರೆಗೂ ಅದೇ ರೈತರು ಕೃಷ್ಣನಾಗುತ್ತಾರೆಂದು ಅಕ್ಕ ಹೇಳಿಕಳಿಸಿದ್ದಾಳೆ. ಭಾವನವರು ಕರೆಯದಿದ್ದರೂ ನಾನು ಹೋಗುತ್ತೇನೆ.