ಬೇಸಿಗೆಗೆ ಕುಸುಬೆಯ ಮುಖತೈಲ

ಬೇಸಿಗೆಯಲ್ಲಿ ಮುಖಕ್ಕೆ ಎಣ್ಣೆಯೇ ಬೇಡವೆಂದು ನಾವು ಭಾವಿಸುತ್ತೇವೆ. ಬೆವರಿದಾಗಲೆಲ್ಲ ಸಾಬೂನಿನಿಂದ ತೊಳೆದು ಚರ್ಮದ ಸಹಜ ಜಿಡ್ಡನ್ನೂ ಕಳೆದುಕೊಳ್ಳುತ್ತೇವೆ. ಅನಂತರ ಉರಿ, ಬಿಗಿತ. ಕೊಬ್ಬರಿ ಎಣ್ಣೆ ಹಚ್ಚಿದರೆ ಕೆಲವರಿಗೆ ರಂಧ್ರಗಳು ಕಟ್ಟಿ ಮೊಡವೆಗಳೇಳುತ್ತವೆ. ನಮ್ಮ ಬಯಲುಸೀಮೆಯ ಕುಸುಬೆ ಎಣ್ಣೆ ಅದಕ್ಕಿಂತ ಹಗುರ. ಲಿನೋಲೆಯಿಕ್ ಆಮ್ಲ ಹೆಚ್ಚಿರುವ ಈ ಎಣ್ಣೆ ತೆಳುವಾಗಿ ಹರಡುತ್ತದೆ.

ಗಾಣದ ಕುಸುಬೆ ಎಣ್ಣೆ 30 ಮಿಲಿಲೀಟರಿನಷ್ಟನ್ನು ಒಣಗಿದ ಗಾಜಿನ ಸೀಸೆಗೆ ಹಾಕಿ, ಕತ್ತರಿಸಿದ ಲಾವಂಚದ ಬೇರು ಒಂದು ಚಮಚ ಸೇರಿಸಿ, ವಾರಕಾಲ ಕತ್ತಲಲ್ಲಿಟ್ಟು ಸೋಸಬೇಕು. ಬೇರು ಚೆನ್ನಾಗಿ ಒಣಗಿರಲಿ. ನೀರಿನ ಪಸೆಯಿದ್ದರೆ ಬೂಷ್ಟು ಹಿಡಿಯುತ್ತದೆ. ಲಾವಂಚ ಪರಿಮಳಕ್ಕಷ್ಟೇ, ಇಲ್ಲದಿದ್ದರೂ ನಡೆದೀತು. ಕುಸುಬೆ ಎಣ್ಣೆಗೆ ಬೇಗ ಕಮಟು ವಾಸನೆ ಬರುವುದರಿಂದ ತಿಂಗಳಿಗೆ ಸಾಲುವಷ್ಟನ್ನೇ ಮಾಡಿ ತಂಪಿನಲ್ಲಿಡುವುದು ಲೇಸು.

ಮೊದಲು ಮೊಣಕೈಯ ಒಳಭಾಗಕ್ಕೆ ಹಚ್ಚಿ ಒಂದು ದಿನ ನೋಡಬೇಕು. ರಾತ್ರಿ ಹಣೆಯ ವಿಭೂತಿಯನ್ನು ತೊಳೆದ ಮೇಲೆ, ಹಸಿಯಾರದ ಮುಖಕ್ಕೆ ಎರಡು ಮೂರು ಹನಿ ಸಾಕು. ಬೆಳಿಗ್ಗೆ ಹಚ್ಚಿದರೆ ಜಿಡ್ಡಿನ ಮೇಲೆ ವಿಭೂತಿ ಸರಿಯಾಗಿ ಕೂಡದು. ಬಣ್ಣ ತಿಳಿಯಾಗಲೆಂದು ಕೆಲವರು ಇದಕ್ಕೆ ನಿಂಬೆರಸ ಬೆರೆಸುವುದುಂಟು. ಸರ್ವಥಾ ಕೂಡದು, ನಿಂಬೆ ತಾಗಿದ ಚರ್ಮ ಬಿಸಿಲಿಗೆ ಸುಟ್ಟು, ತಿಂಗಳುಗಟ್ಟಲೆ ಕಪ್ಪು ಕಲೆ ಉಳಿಯಬಹುದು. ಈಗಾಗಲೇ ಮೊಡವೆ, ತುರಿಕೆ ಇರುವ ಸದ್ಭಕ್ತರು ವೈದ್ಯರನ್ನು ಕೇಳಿಯೇ ಬಳಸಬೇಕು. ಈ ತೈಲ ಬಿಸಿಲನ್ನು ತಡೆಯದು. ಹಗಲಿಗೆ ಕೊಡೆಯೂ ಸೆರಗೂ ಬೇಕೇಬೇಕು.